ಮೈ ಝಳಕ್ಕೆ ಹಾರ್ಮೋನ್ ಇಲ್ಲದ ಮದ್ದು

ನನಗೆ 51. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವರ್ಷ. ಕ್ಯಾನ್ಸರ್ ಮರಳದಿರಲಿ ಅಂತ ದಿನಾ ಟ್ಯಾಮೋಕ್ಸಿಫೆನ್ ಮಾತ್ರೆ ನುಂಗುತ್ತೇನೆ, ಹಾಗಾಗಿ ಹಾಟ್ ಫ್ಲಾಶ್‌ಗೆ, ಅಂದರೆ ಮುಟ್ಟು ನಿಲ್ಲುವ ಹೊತ್ತಿನ ಮೈ ಝಳಕ್ಕೆ, ಹಾರ್ಮೋನ್ ಮಾತ್ರೆ ನನಗೆ ಕೂಡದು. ರೊಟ್ಟಿ ಬಡಿಯುತ್ತಾ ನಿಂತಾಗ ಎದೆಯಿಂದ ಕತ್ತು, ಕಿವಿ, ತಲೆಬುಡದ ತನಕ ಝಳ ಹತ್ತುತ್ತದೆ. ಮೂರ್ನಾಲ್ಕು ನಿಮಿಷ. ಆಮೇಲೆ ರವಿಕೆ ಒದ್ದೆ, ಮೈಗೆ ಚಳಿ.

ಮೊದಲು ಲೆಕ್ಕ ಇಡಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ನಾನು ಹಗಲಿಗೆ ಗೀಟು, ರಾತ್ರಿಗೆ ಸೊನ್ನೆ ಹಾಕಿದೆ. ಎರಡು ವಾರಕ್ಕೆ ಗೀಟಿಗಿಂತ ಸೊನ್ನೆಯೇ ಜಾಸ್ತಿ. ಡಾಕ್ಟರಿಗೆ ನನ್ನ ಮಾತಿಗಿಂತ ಆ ಹಾಳೆ ಉಪಯೋಗಕ್ಕೆ ಬಂತು. ರಾತ್ರಿ ಬೆವರಿನ ಜೊತೆ ಜ್ವರ ಇದ್ದರೆ, ತೂಕ ಇಳಿದರೆ ಸುಮ್ನೆ ಕೂರಬೇಡಿ. ಥೈರಾಯ್ಡ್, ಟಿಬಿ ನೋಡಿಸಬೇಕು.

ನೀವು ನುಂಗುವ ಎಲ್ಲಾ ಮಾತ್ರೆ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾನು ಎಡವಿದ್ದು ಇಲ್ಲೇ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಹತ್ತಿರದ ಕ್ಲಿನಿಕ್ಕಿನಲ್ಲಿ ಟ್ಯಾಮೋಕ್ಸಿಫೆನ್ ವಿಷಯ ಹೇಳಲೇ ಇಲ್ಲ. ಪ್ಯಾರಾಕ್ಸೆಟಿನ್ ಬರೆದುಕೊಟ್ಟರು. ಝಳಕ್ಕೆಂದೇ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕ ಮದ್ದು ಅದು. ಆದರೆ ಟ್ಯಾಮೋಕ್ಸಿಫೆನ್ ಮೈಯಲ್ಲಿ ಕೆಲಸಕ್ಕೆ ಬರುವಂತೆ ಮಾಡುವ ಕಿಣ್ವವನ್ನೇ ಈ ಪ್ಯಾರಾಕ್ಸೆಟಿನ್ ತಡೆಯುತ್ತದೆ! ಕ್ಯಾನ್ಸರ್ ಡಾಕ್ಟರು ಚೀಟಿ ನೋಡಿದವರೇ ವೆನ್ಲಾಫ್ಯಾಕ್ಸಿನ್ 37.5 ಮಿಲಿಗ್ರಾಂಗೆ ಬದಲಿಸಿದರು. "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಅಕ್ಕಾ?" ಅಂದ ಮೆಡಿಕಲ್ ಶಾಪಿನ ಹುಡುಗ. ಹೌದಪ್ಪಾ, ಝಳಕ್ಕೂ ಅದೇ. ಮೊದಲ ವಾರ ಹೊಟ್ಟೆ ತೊಳಸಿತು, ಊಟದ ಮೇಲೆ ತಗೊಂಡೆ, ಸರಿಹೋಯಿತು. ಬಿಪಿ ನೋಡಿಸುತ್ತಿರಬೇಕು. ನಿಮ್ಮಷ್ಟಕ್ಕೆ ನೀವೇ ತಟ್ಟನೆ ನಿಲ್ಲಿಸಬಾರದು. ರಾತ್ರಿಗೆ ನಾಲ್ಕು ಇದ್ದ ಸೊನ್ನೆ ಈಗ ಒಂದೋ ಎರಡೋ.

ನಿದ್ದೆಯೇ ಹೋಗಿದ್ದರೆ ಮಲಗುವಾಗ ಗ್ಯಾಬಪೆಂಟಿನ್ ಕೊಡುವುದುಂಟು. ಅದರ ಮಂಪರು ಆಗ ಉಪಕಾರವೇ, ಬೆಳಗ್ಗೆ ಸ್ಕೂಟರ್ ಓಡಿಸೋರು ಮಾತ್ರ ಹುಷಾರು. ಫೆಜೊಲಿನೆಟಂಟ್ ಅಂತ ಇನ್ನೊಂದಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೆದುಳಿನಲ್ಲಿ ಮೈಬಿಸಿ ನೋಡಿಕೊಳ್ಳುವ ನರಕೋಶಗಳ ಮೇಲೇ ಅದರ ಕೆಲಸ. ಲಿವರ್ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಮಾತ್ರೆ ಬೇಡ ಅನ್ನೋರಿಗೆ ಸಿಬಿಟಿ ಅನ್ನುವ, ಯೋಚಿಸುವ ರೀತಿ, ನಡೆದುಕೊಳ್ಳುವ ರೀತಿ ಬದಲಿಸಲು ಕಲಿಸುವ ಆಪ್ತಸಲಹೆ ಇದೆ. ಝಳದ ಎಣಿಕೆ ಅಷ್ಟೇನೂ ಇಳಿಯದು, ಕಾಟ ಇಳಿಯುತ್ತದೆ. ಮದುವೆಮನೆಯಲ್ಲಿ ಬೆವರಿದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಅನಿಸುತ್ತಿತ್ತು. "ತಲೆ ಎತ್ತಿ ಎಷ್ಟು ಜನ ಅಂತ ಎಣಿಸಿ" ಅಂದರು ಸಲಹೆ ಕೊಡುವವರು. ಎಣಿಸಿದೆ. ಎಲ್ಲರ ಕಣ್ಣೂ ಹೋಳಿಗೆ ಬಡಿಸುವವನ ಮೇಲೆ.

ಇನ್ನು ನಮ್ಮ ವೈನಿ ಹೇಳುವ ಅಗಸಿ, ಸೋಯಾ. ಝಳಕ್ಕೆ ಆಗುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಅಗಸಿ ಹಿಂಡಿ ನಾನೂ ತಿನ್ನುತ್ತೇನೆ, ರೊಟ್ಟಿಗೆ ರುಚಿ ಅಂತ.