ರೂಟ್ ಪಾಸ್‌ವರ್ಡ್ ಬದಲಾಯ್ಸಿದ್ರೆ ಸಾಕಾ? ಉಳಿದ ಸಿಸ್ಟಮ್ ಅಕೌಂಟ್‌ಗಳನ್ನೂ ನೋಡಿ

ಯೂನಿಕ್ಸ್ ಸರ್ವರ್ ಸೆಕ್ಯುರಿಟಿ ಅಂದ ತಕ್ಷಣ ಎಲ್ರೂ ರೂಟ್ (ಸಿಸ್ಟಮ್‌ನ ಪೂರ್ತಿ ಅಧಿಕಾರ ಇರೋ ಅಕೌಂಟ್) ಪಾಸ್‌ವರ್ಡ್ ಬದಲಾಯ್ಸೋಕೆ ಹೋಗ್ತಾರೆ, ತಪ್ಪೇನಿಲ್ಲ, ಆದ್ರೆ ಡೀಮನ್, ಬಿನ್, ಎಲ್‌ಪಿ ಅಂತ ಸಿಸ್ಟಮ್ ಜೊತೇಲೇ ಬಂದಿರೋ ಅಕೌಂಟ್‌ಗಳು, ಆಮೇಲೆ ಬ್ಯಾಕಪ್‌ಗೆ ಡೇಟಾಬೇಸ್‌ಗೆ ಅಂತ ಯಾರೋ ಯಾವಾಗ್ಲೋ ಮಾಡಿಟ್ಟು ಮರೆತಿರೋವು, ಇವುಗಳ ಕಡೆ ಯಾರೂ ತಲೆ ಹಾಕಲ್ಲ. ಒಳಗೆ ನುಗ್ಗೋನು ಹುಡುಕೋದು ಇಂಥವನ್ನೇ.

ಮೊದ್ಲು ಇಟಿಸಿ ಡೈರೆಕ್ಟರಿಲಿರೋ ಪಾಸ್‌ವರ್ಡ್ ಫೈಲ್ ಓಪನ್ ಮಾಡಿ. ಪ್ರತಿ ಸಾಲಲ್ಲೂ ಕೋಲನ್ ಹಾಕಿ ಬೇರೆ ಮಾಡಿರೋ 7 ಫೀಲ್ಡ್ ಇರತ್ತೆ, 3ನೇದು ಯುಐಡಿ ಅಂದ್ರೆ ಯೂಸರ್ ನಂಬರ್, ಕೊನೇದು ಶೆಲ್ ಅಂದ್ರೆ ಲಾಗಿನ್ ಆದ್ಮೇಲೆ ಕಮಾಂಡ್ ತಗೊಳ್ಳೋ ಪ್ರೋಗ್ರಾಮ್. ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಹೆಸ್ರು ಕಟ್ಕೊಂಡು ಏನೂ ಆಗ್ಬೇಕಿಲ್ಲ, ಅದು ನೋಡೋದು ನಂಬರ್ ಮಾತ್ರ. ಈ ಥರ ಒಂದು ಸಾಲು ಕಂಡ್ರೆ:

ಬ್ಯಾಕಪ್:ಎಕ್ಸ್:0:0::/ರೂಟ್:/ಬಿನ್/ಬ್ಯಾಶ್

ಹೆಸ್ರು ಬ್ಯಾಕಪ್ ಆದ್ರೂ ಅದು ಸಾಕ್ಷಾತ್ ರೂಟೇ. ಯುಐಡಿ 0 ಇರೋದು ರೂಟ್ ಒಂದಕ್ಕೇ ಇರ್ಲಿ. ಫ್ರೀಬಿಎಸ್‌ಡಿ ಅನ್ನೋ ಯೂನಿಕ್ಸ್ ಥರದ ಸಿಸ್ಟಮ್‌ನಲ್ಲಿ ಟೂರ್ ಅಂತ ಇನ್ನೊಂದು ಕಾಣ್ಬಹುದು, ಅದು ಸಿಸ್ಟಮ್ ಜೊತೇಲೇ ಬರೋದು, ಅದಕ್ಕೆ ಪಾಸ್‌ವರ್ಡ್ ಸೆಟ್ ಆಗಿಲ್ಲ ಅಂತ ಖಾತ್ರಿ ಮಾಡ್ಕೊಂಡ್ರೆ ಆಯ್ತು. ಹಾಗೇ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುಪ್ತ ರೂಪ) ಇಡೋ ಶ್ಯಾಡೋ ಫೈಲ್‌ನಲ್ಲಿ 2ನೇ ಫೀಲ್ಡ್ ಖಾಲಿ ಇರೋ ಅಕೌಂಟ್ ಇದ್ರೆ ಬೇರೆ ಕೆಲ್ಸ ಬಿಟ್ಟು ಮೊದ್ಲು ಅದನ್ನ ಸರಿ ಮಾಡಿ, ಪಾಸ್‌ವರ್ಡೇ ಇಲ್ಲ ಅಂತ ಅರ್ಥ.

ಜನ ಅಲ್ಲ, ಪ್ರೋಗ್ರಾಮ್‌ಗಳಷ್ಟೇ ಬಳಸೋ ಸರ್ವಿಸ್ ಅಕೌಂಟ್‌ಗಳಿಗೆ ಶೆಲ್ ಜಾಗದಲ್ಲಿ ನೋಲಾಗಿನ್ ಹಾಕಿ, ಆಗ ಲಾಗಿನ್ ಮಾಡೋಕೆ ಹೋದ್ರೂ ಶೆಲ್ ಸಿಗಲ್ಲ. ಡಿಲೀಟ್ ಮಾಡೋಕೆ ಮಾತ್ರ ಆತುರ ಬೇಡ, ಅದರ ಫೈಲ್‌ಗಳು ದಿಕ್ಕಿಲ್ದೆ ಉಳ್ಕೊಂಡು ಮುಂದೆ ಅದೇ ಯುಐಡಿ ಬೇರೆಯವ್ರಿಗೆ ಸಿಕ್ಕಿದ್ರೆ ಫೈಲೂ ಅವ್ರ ಪಾಲಾಗತ್ತೆ.

ಜಾಸ್ತಿ ಜನ ಎಡವೋದು ಲಾಕ್ ಮಾಡೋ ವಿಷ್ಯದಲ್ಲಿ. ಲಿನಕ್ಸ್‌ನಲ್ಲಿ ಯೂಸರ್‌ಮಾಡ್ ಕಮಾಂಡಿಂದ ಲಾಕ್ ಮಾಡಿದ್ರೆ ಶ್ಯಾಡೋದಲ್ಲಿ ಹ್ಯಾಶ್ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಬಂದು ಕೂರತ್ತೆ, ಅಷ್ಟೇ, ಪಾಸ್‌ವರ್ಡ್ ನಡೆಯಲ್ಲ ಆದ್ರೆ ಹೋಮ್ ಡೈರೆಕ್ಟರಿಲಿ ಎಸ್‌ಎಸ್‌ಎಚ್ ಕೀ (ದೂರದಿಂದ ಸರ್ವರ್‌ಗೆ ಲಾಗಿನ್ ಆಗೋಕೆ ಪಾಸ್‌ವರ್ಡ್ ಬದಲು ಬಳಸೋದು) ಇದ್ರೆ ಬಹಳಷ್ಟು ಸೆಟಪ್‌ಗಳಲ್ಲಿ ಆರಾಮಾಗಿ ಲಾಗಿನ್ ಆಗ್ಬಹುದು. ಶೆಲ್ ನೋಲಾಗಿನ್ ಇದ್ರೂ ಕೀ ಇಟ್ಕೊಂಡು ಪೋರ್ಟ್ ಫಾರ್ವರ್ಡಿಂಗ್, ಅಂದ್ರೆ ಈ ಸರ್ವರ್ ಮೂಲಕ ಬೇರೆ ಕಡೆಗೆ ಕನೆಕ್ಷನ್ ದಾಟಿಸೋದು, ಮಾಡೋಕೆ ಆಗತ್ತೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಹಾಗಾಗಿ ಆಥರೈಸ್ಡ್ ಕೀಸ್ ಫೈಲ್ ನೋಡಿ ಗುರ್ತಿಲ್ಲದ ಕೀ ತೆಗೀರಿ, ಅಕೌಂಟ್ ಪೂರ್ತಿ ಬಂದ್ ಆಗ್ಬೇಕು ಅಂದ್ರೆ ಎಕ್ಸ್‌ಪೈರಿ ಡೇಟ್ 1 ಅಂತ ಕೊಡಿ, ದಿನ ಎಣಿಸೋದು 1970ರ ಜನವರಿ 1ರಿಂದ, ಅಂದ್ರೆ ಜನವರಿ 2ಕ್ಕೇ ಅವಧಿ ಮುಗೀತು ಅಂತ ಲೆಕ್ಕ. ಆ ಅಕೌಂಟಿಂದ ಕ್ರಾನ್ ಜಾಬ್ (ಗೊತ್ತಾದ ಟೈಮಿಗೆ ತಾನೇ ಓಡೋ ಕೆಲ್ಸ) ಓಡ್ತಿದ್ರೆ ಅದೂ ನಿಂತೋಗ್ಬಹುದು, ಮೊದ್ಲೇ ಚೆಕ್ ಮಾಡ್ಕೊಳ್ಳಿ.

ಇನ್ನು ರೂಟ್. ಎಸ್‌ಎಸ್‌ಎಚ್ ಸರ್ವರ್ ಕಾನ್ಫಿಗ್‌ನಲ್ಲಿ ಪರ್ಮಿಟ್ ರೂಟ್ ಲಾಗಿನ್‌ಗೆ ನೋ ಕೊಡಿ. ಓಪನ್ ಎಸ್‌ಎಸ್‌ಎಚ್ 7.0ಯಿಂದ, ಅಂದ್ರೆ 2015ರಿಂದ, ಡೀಫಾಲ್ಟಾಗೇ ಪಾಸ್‌ವರ್ಡ್ ಹಾಕಿ ರೂಟ್ ಲಾಗಿನ್ ಆಗಲ್ಲ, ಆದ್ರೆ ಕೀ ಇದ್ರೆ ಆಗತ್ತೆ. ಸರ್ವಿಸ್ ರೀಸ್ಟಾರ್ಟ್ ಮಾಡೋವಾಗ ಇರೋ ಸೆಷನ್ ಕ್ಲೋಸ್ ಮಾಡ್ಬೇಡಿ, ಇನ್ನೊಂದು ಟರ್ಮಿನಲ್‌ನಲ್ಲಿ ನಿಮ್ಮ ಅಕೌಂಟಿಂದ ಒಳಗೆ ಬಂದು ಸುಡೊ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಕೆಲ್ಸ ಮಾಡತ್ತಾ ನೋಡಿ ಆಮೇಲೆ ಮುಚ್ಚಿ.

ಸುಡೊ ರೂಲ್ಸ್ ಯಾವಾಗ್ಲೂ ವಿಸುಡೊದಲ್ಲೇ ಎಡಿಟ್ ಮಾಡಿ, ಸಿಂಟ್ಯಾಕ್ಸ್ ತಪ್ಪಿದ್ರೆ ಅದು ಹೇಳತ್ತೆ. ಒಬ್ರಿಗೆ ಒಂದು ಫೈಲ್ ಎಡಿಟ್ ಮಾಡೋಕೆ ಬಿಡ್ಬೇಕು ಅಂತ ಸುಡೊದಲ್ಲಿ ವಿಐ ಎಡಿಟರ್ ಕೊಟ್ರೆ ರೂಟೇ ಕೊಟ್ಟಂಗೆ, ವಿಐ ಒಳಗಿಂದ ಕೋಲನ್ ಒತ್ತಿ ಶೆಲ್ ತೆಗೆಯೋಕೆ ಎರಡು ಸೆಕೆಂಡ್ ಸಾಕು. ಫೈಲ್ ಓದೋ ಲೆಸ್ ಕಮಾಂಡ್ ಕೊಟ್ರೂ ಇದೇ ಕಥೆ. ಅದಕ್ಕೆ ಸುಡೊಎಡಿಟ್ ಇದೆ, ಅದನ್ನ ಕೊಡಿ. ಕಂಟೇನರ್ (ಪ್ರತ್ಯೇಕವಾಗಿ ಓಡೋ ಪ್ರೋಗ್ರಾಮ್ ಡಬ್ಬಿ) ಓಡಿಸೋ ಡಾಕರ್‌ನ ಗ್ರೂಪ್‌ಗೆ ಯಾರನ್ನಾದ್ರೂ ಸೇರಿಸೋ ಮುಂಚೆನೂ ಯೋಚ್ನೆ ಮಾಡಿ, ಕಂಟೇನರ್ ಒಳಗಿಂದ ಹೋಸ್ಟ್‌ನ ಪೂರ್ತಿ ಡಿಸ್ಕ್ ಮೌಂಟ್ ಮಾಡ್ಕೊಂಡು ಶ್ಯಾಡೋ ಫೈಲನ್ನೇ ತಿದ್ದಬಹುದು.

ಯಾರು ಯಾವಾಗ ಸುಡೊ ಹೊಡೆದ್ರು ಅನ್ನೋದು ಡೆಬಿಯನ್ ಕಡೆ ಸಾಮಾನ್ಯವಾಗಿ ಆಥ್ ಲಾಗ್‌ನಲ್ಲಿ (ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ ಅನ್ನೋ ಪ್ರೋಗ್ರಾಮ್ ಹಾಕ್ಕೊಂಡಿದ್ರೆ ಮಾತ್ರ), ರೆಡ್‌ಹ್ಯಾಟ್ ಕಡೆ ಸೆಕ್ಯೂರ್ ಅನ್ನೋ ಫೈಲ್‌ನಲ್ಲಿ ಸಿಗತ್ತೆ, ಎರಡೂ /ವಾರ್/ಲಾಗ್ ಡೈರೆಕ್ಟರಿಲೇ. ಅದರ ಒಂದು ಕಾಪಿ ಬೇರೆ ಮಷೀನ್‌ಗೂ ಹೋಗೋ ಹಾಗೆ ಮಾಡಿಡಿ, ಯಾಕಂದ್ರೆ ರೂಟ್ ಸಿಕ್ಕಿದವ್ನು ಇಲ್ಲಿರೋ ಲಾಗ್ ಅಳಿಸ್ಬಹುದು.