ನಗು ನಿಂತ ಜಾಗಕ್ಕೆ ಗೆರೆ ಹಾಕಿ ಬರೆದ ಕಾದಂಬರಿ

ಗಂಡ ಹೆಂಡತಿ ಬೇರೆಯಾಗುವ ನನ್ನ ಕಾದಂಬರಿ ಐದನೇ ಸಲ ಬರೆದಾಗ ಕೊನೆಗೂ ಕೈ ಹಿಡಿಯಿತು. 500 ಪ್ರತಿ ಏಳೆಂಟು ತಿಂಗಳಲ್ಲಿ ಖಾಲಿ. ಎರಡನೇ ಮುದ್ರಣದ 300 ಪ್ರತಿ ಈಗ ನಮ್ಮ ಅಡುಗೆಮನೆಯ ಅಟ್ಟದ ಮೇಲಿವೆ. ಅಟ್ಟ ಯಾಕೆ ಅಂತ ಆಮೇಲೆ ಹೇಳುತ್ತೇನೆ.

"ಮದುವೆ ಮುರಿಯೋ ಕಥೇಲಿ ನಗು ಎಲ್ಲಿಂದ ತರ್ತೀರಾ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ನಮ್ಮಲ್ಲಿ ಗಂಡ ಹೆಂಡತಿ ಜಗಳ ಅಂದರೆ ಹಾಸ್ಯಸಂಜೆಯ ಜೋಕು, ಇಲ್ಲವಾದರೆ ಧಾರಾವಾಹಿಯ ಕಣ್ಣೀರು. ಎರಡರ ನಡುವೆ ಒಂದು ಜಾಗ ಇದೆ, ಅಲ್ಲಿ ನಗು ಬರುತ್ತದೆ, ಬಂದ ಮೇಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೆ ಬೇಕಾಗಿದ್ದು ಆ ಜಾಗ. ಅದನ್ನು ನಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುವ ಹೆಂಗಸರಿಗೆ ಓದಿ ಹೇಳಿಯೇ ಹುಡುಕುತ್ತೇನೆ ಅಂದಾಗ ಬರೆಯುವ ಗೆಳತಿಯರೂ ತಲೆ ಅಲ್ಲಾಡಿಸಿದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲನೆಯದು 2014ರಲ್ಲಿ ಬರೆದದ್ದು. ಕೈಬರಹದಲ್ಲೇ 400 ಪುಟ ಹತ್ತಿರ. ಪೂರ್ತಿ ಹೆಂಡತಿಯ ಕಡೆಯಿಂದ. ಆರು ತಿಂಗಳು ಬಿಟ್ಟು ಓದಿದರೆ ಅದು ಕಾದಂಬರಿ ಆಗಿರಲಿಲ್ಲ, ಪೊಲೀಸ್ ಠಾಣೆಗೆ ಕೊಡುವ ದೂರಿನ ಹಾಗಿತ್ತು. ಒಲೆಗೆ ಹಾಕಲಿಲ್ಲ, ಆದರೆ ಯಾರಿಗೂ ತೋರಿಸಲೂ ಇಲ್ಲ. ಎರಡನೇ ಸಲ ಪುಟಕ್ಕೊಂದು ಜೋಕು ಹಾಕಿದೆ. ಓದಿದ ಪ್ರಕಾಶಕರೊಬ್ಬರು, "ಇದು ಹಾಸ್ಯವೋ ಗೋಳೋ ನೀವೇ ಮೊದಲು ತೀರ್ಮಾನ ಮಾಡಿ" ಅಂತ ಹಿಂದೆ ಕಳಿಸಿದರು. ಆ ಮಾತು ಬಹಳ ದಿನ ಚುಚ್ಚಿತು.

ಮೂರನೆಯದಕ್ಕೆ ದುಡ್ಡು ಹೋಯಿತು. ನಾನೇ 38 ಸಾವಿರದಷ್ಟು ಕೊಟ್ಟು 300 ಪ್ರತಿ ಮಾಡಿಸಿದೆ. ಆ ವರ್ಷದ ಮೆಣಸಿನ ದುಡ್ಡು ಅದು. ನುಡಿ ತಂತ್ರಾಂಶದಲ್ಲಿದ್ದ ಫೈಲನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಎಲ್ಲ ಎಡವಟ್ಟಾಗಿ, ಧರ್ಮ ಹೋಗಿ ಧಮರ್ ಆಯಿತು, ಸೂರ್ಯ ಹೋಗಿ ಸೂಯರ್ ಆಯಿತು, ಕೊನೇ ಪ್ರೂಫ್ ನನಗೆ ಬರಲೇ ಇಲ್ಲ. ಕಟ್ಟು ಬಿಚ್ಚಿದ ದಿನ ಊಟ ಸೇರಲಿಲ್ಲ. ನೆಂಟರಿಗೆ ಸುಮ್ನೆ ಹಂಚಿ ಉಳಿದ 170-180 ಪ್ರತಿಗಳನ್ನು ರೂಮಿನ ಮೂಲೆಯಲ್ಲಿಟ್ಟಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಬೂಷ್ಟು. ಕೊಡಗಿನ ಮಳೆಗೆ ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಪುಸ್ತಕ ಬಿಡುತ್ತಾ? ಅಟ್ಟದ ಪಾಠ ಅಲ್ಲಿಂದ ಬಂತು. ಸೌದೆ ಒಲೆ ಇರುವ ಮನೆಯಲ್ಲಿ ಅದರ ಮೇಲಿನ ಅಟ್ಟದಷ್ಟು ಒಣ ಜಾಗ ಇನ್ನೊಂದಿಲ್ಲ. ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಮೇಲೆ ಹಳೇ ಗೋಣಿಯಲ್ಲಿಟ್ಟರೆ ಹೊಗೆ ವಾಸನೆಯೂ ತಾಗುವುದಿಲ್ಲ.

ಅದೇ ಪುಸ್ತಕದಲ್ಲಿ ಇನ್ನೂ ದೊಡ್ಡ ತಪ್ಪಿತ್ತು. ಗಂಡ ಹೆಂಡತಿ ಬೆಳಿಗ್ಗೆ ಮಡಿಕೇರಿ ಕೋರ್ಟಿಗೆ ಹೋಗಿ ಸಂಜೆಗೆ ಬೇರೆಯಾಗಿ ಬರುತ್ತಾರೆ. ಓದಿದ ಪರಿಚಯದ ವಕೀಲರು, "ಮೇಡಂ, ಅಷ್ಟು ಸುಲಭ ಇದ್ದಿದ್ರೆ ನಮಗೆ ಕೆಲಸ ಎಲ್ಲಿರ್ತಿತ್ತು?" ಅಂದರು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ಒಪ್ಪಿಗೆಯಿಂದ ಬೇರೆಯಾಗುವವರು ಅರ್ಜಿ ಹಾಕುವ ಮೊದಲೇ ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಎಲ್ಲರಿಗೂ ಆಗುತ್ತೆ ಅಂತೇನಿಲ್ಲ. ಅವರು ಹೇಳಿದ ಇನ್ನೊಂದು ವಿಷಯಕ್ಕೆ ನನ್ನ ಕಾದಂಬರಿಯೇ ತಿರುಗಿಬಿಟ್ಟಿತು. ಬೇರೆ ಇರುವುದು ಅಂದರೆ ಬೇರೆ ಮನೆಯಲ್ಲೇ ಇರಬೇಕು ಅಂತಿಲ್ಲವಂತೆ. ಒಂದೇ ಸೂರಿನ ಕೆಳಗಿದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೇ ಅಂತ 1991ರ ತೀರ್ಪೊಂದರಲ್ಲಿ ಇದೆ. ಮನೆಗೆ ಬಂದು ಇಡೀ ರಾತ್ರಿ ಕೂತೆ. ಒಂದೇ ಮನೆ, ಒಂದೇ ಸಿಲಿಂಡರ್, ಕಾಫಿ ಒಣಗಿಸೋಕೆ ಒಂದೇ ಕಣ. ಕಾನೂನಿನ ಪ್ರಕಾರ ಇಬ್ಬರೂ ಬೇರೆ.

ಆಮೇಲೆ 2018ರ ಆಗಸ್ಟ್ ಬಂತು. ನಾವಿರುವುದು ಮಾದಾಪುರದ ಕಡೆ. ಹಟ್ಟಿಹೊಳೆ, ಮಕ್ಕಂದೂರು ಕಡೆಯ ಗುಡ್ಡಗಳು ಜಾರಿದ್ದು, ಜೋಡುಪಾಲದಲ್ಲಿ ಮಂಗಳೂರು ರಸ್ತೆ ಮುಚ್ಚಿದ್ದು ನಿಮಗೆಲ್ಲ ಗೊತ್ತೇ ಇದೆ. ನನ್ನ ಕಥೆಯವರು ಫೆಬ್ರವರಿಯಲ್ಲಿ ಅರ್ಜಿ ಹಾಕಿದರೆ ಆರು ತಿಂಗಳು ಸರಿಯಾಗಿ ಆಗಸ್ಟಿಗೆ ಮುಗಿಯುತ್ತದೆ. ಮಾರನೇ ದಿನ ಕೋರ್ಟು, ಹಿಂದಿನ ರಾತ್ರಿ ರಸ್ತೆ ಕುಸಿಯಿತು. ಇಬ್ಬರೂ ಒಂಬತ್ತು ದಿನ ಒಂದೇ ಮನೆಯಲ್ಲಿ. ಈ ನಾಲ್ಕನೇ ರೂಪ ಬರೆಯುವಾಗ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ: ನೀರಿನ ಮೇಲೆ, ಕುಸಿದ ಮಣ್ಣಿನ ಮೇಲೆ, ಸತ್ತವರ ಮೇಲೆ ಒಂದು ಸಾಲೂ ನಗು ಇರಬಾರದು. ನಗು ಮನೆಯ ಒಳಗೆ ಮಾತ್ರ. ಇವತ್ತಿಗೂ ಇದನ್ನು ಬಿಟ್ಟುಕೊಡುವುದಿಲ್ಲ.

ನಾಲ್ಕನೆಯದರಲ್ಲಿ ಕಥೆ ಸರಿಯಿತ್ತು, ಮಾತು ಸತ್ತಿತ್ತು. ಇಬ್ಬರೂ ಕೂತು ತಮ್ಮ ನೋವನ್ನು ವಿವರಿಸುತ್ತಿದ್ದರು. ಯಾರು ಹಾಗೆ ಮಾತಾಡುತ್ತಾರೆ? ಐದನೆಯದಕ್ಕೆ ತೋಟದ ಲೆಕ್ಕದ ಪುಸ್ತಕ ತೆಗೆದು ಆ ಮನೆಯಲ್ಲಿರುವ ಸಾಮಾನೆಲ್ಲ ಪಟ್ಟಿ ಮಾಡಿದೆ. 140ರ ಹತ್ತಿರ ಆಯಿತು. ಅವರು ಸಾಮಾನಿನ ಬಗ್ಗೆ ಮಾತ್ರ ಮಾತಾಡಬೇಕು, ಪ್ರೀತಿ, ಮೋಸ, ನೋವು ಅನ್ನುವ ಮಾತು ಬಾಯಲ್ಲಿ ಬರಲೇಕೂಡದು. ಹಂಚಿಕೆಗೆ ಸುಲಭ ಇರುವ ಸಾಮಾನೆಲ್ಲ ಹೊಡೆದುಹಾಕಿದೆ. ಬೀರು, ಟಿವಿ ಹೋದವು. ಹಂಚಲಾಗದ್ದು ಉಳಿಯಿತು: ನಾಯಿ, ಬಾವಿ, ಇಬ್ಬರ ಪಾಲಿನ ನಡುವೆ ನಿಂತ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮತ್ತೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಹಳೇ ಮರದ ಒರಳು. ಅವನು ಅದರ ಒತ್ತುವ ಹಿಡಿ ತಗೊಂಡ, ಅವಳು ಒರಳು ತಗೊಂಡಳು.

"ಬರೀ ಹಿಡಿ ಇಟ್ಕೊಂಡು ಏನ್ಮಾಡ್ತೀರಾ?"

"ನೋಡ್ಕೊಂಡಿರ್ತೀನಿ."

ಮಳೆಯ ಆರನೇ ದಿನ ಮನೆಯಲ್ಲಿ ಅಕ್ಕಿ ತರಿ ಬಿಟ್ಟು ಬೇರೇನೂ ಇಲ್ಲ. ಅವನು ಹಿಡಿ ತಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗೆ ಕರೆಯಬೇಕೋ ಬೇಡವೋ ಅಂತಲೇ ಮೂರೂವರೆ ಪುಟ ಇದೆ. ಆ ಪುಟಗಳನ್ನು ಇಪ್ಪತ್ತು ಸಲವಾದರೂ ಬರೆದಿರಬೇಕು. ನನ್ನ ಬರವಣಿಗೆಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ.

ತೋಟದ ಹೆಂಗಸರಿಗೆ ಓದಿ ಹೇಳಿದ್ದು ಮೂರು ಕಾಫಿ ಕೊಯ್ಲಿನಲ್ಲಿ. ಹಣ್ಣು ಕೊಯ್ದು ಬಂದ ಮೇಲೆ ಹೆಂಗಸರು ಕಣದಲ್ಲಿ ಕೂತು ಹಸಿರು ಕಾಯಿ ಆರಿಸುತ್ತಾರಲ್ಲ, ಆ ಅರ್ಧ ಗಂಟೆ. ಏಳೆಂಟು ಜನ. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಕೆಂಪು ಪೆನ್ಸಿಲ್. ಮೊದಲು ನಕ್ಕಲ್ಲೆಲ್ಲ ಗುರುತು ಹಾಕುತ್ತಿದ್ದೆ. ಅದು ತಪ್ಪು ದಾರಿ. ಜನ ಮರ್ಯಾದೆಗೂ ನಗುತ್ತಾರೆ, ಅದರಲ್ಲೂ ಕೂಲಿ ಕೊಡುವವಳು ಓದುತ್ತಿದ್ದರೆ. ಆಮೇಲೆ ಗೊತ್ತಾಯಿತು, ನೋಡಬೇಕಾದ್ದು ನಗು ನಿಂತ ಜಾಗವನ್ನು. ನಕ್ಕು ಮುಗಿದ ಮೇಲೆ ಕಾಯಿ ಆರಿಸುವ ಕೈ ಒಂದು ಕ್ಷಣ ನಿಂತರೆ ಆ ಸಾಲು ಉಳಿಯುತ್ತದೆ. ಕೈ ಹಾಗೇ ಓಡುತ್ತಿದ್ದರೆ ಹೊಡೆದುಹಾಕು. ಹೀಗೆ 310 ಪುಟ ಇದ್ದದ್ದು 210ಕ್ಕೆ ಬಂತು.

ಒರಳಿನ ಭಾಗ ಓದಿದ ದಿನ ಎಲ್ಲರೂ ಜೋರಾಗಿ ನಕ್ಕರು. ನಗು ಇಳಿದ ಮೇಲೆ ಎಲ್ಲರಿಗಿಂತ ಹಿರಿಯಳು, ಗಂಡ ತೀರಿಕೊಂಡು ನಾಲ್ಕೈದು ವರ್ಷ ಆದವಳು, ತಲೆ ಎತ್ತದೆ ಅಂದಳು: "ನನ್ನ ಹತ್ರ ಹಿಡೀನೂ ಇದೆ, ಒರಳೂ ಇದೆ ಅಕ್ಕ. ಒತ್ತೋಕೆ ಜನ ಇಲ್ಲ." ಎಲ್ಲರ ಕೈಯೂ ನಿಂತಿತು. ಅವಳನ್ನು ಕೇಳಿಯೇ ಆ ಮಾತನ್ನು ಕೊನೇ ಅಧ್ಯಾಯಕ್ಕೆ ಹಾಕಿಕೊಂಡೆ. ಮೊದಲ ಪ್ರತಿ ಕೊಟ್ಟದ್ದೂ ಅವಳಿಗೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಜಗಳದ ಮಾತುಗಳಿಂದ "ಅವನಂದ, ಅವಳಂದಳು" ಎಲ್ಲ ತೆಗೆದು ತಂಗಿಗೆ ಕೊಟ್ಟೆ, ಯಾರ ಮಾತು ಯಾವುದು ಅಂತ ಗುರುತಿಸಲಿ ಅಂತ. ಹತ್ತರಲ್ಲಿ ನಾಲ್ಕು ಗುರುತಾಗಲಿಲ್ಲ. ಆ ನಾಲ್ಕನ್ನೂ ಹೊಸದಾಗಿ ಬರೆದೆ. ಇದನ್ನು ನೀವೂ ಮಾಡಿ, ಖರ್ಚಿಲ್ಲ. ನಾಯಿಯ ಬಾಯಲ್ಲಿ ಒಂದು ಅಧ್ಯಾಯ ಹೇಳಿಸಿದೆ, ಸರಿ ಬರಲಿಲ್ಲ, ತೆಗೆದೆ. ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ಹತ್ತು ಜನಕ್ಕೆ ವಾಟ್ಸಾಪ್ ಮಾಡಿದೆ, ಎಲ್ಲರೂ ಹೆಬ್ಬೆರಳು ಕಳಿಸಿದರು, ಕೇಳಿದವರು ಇಬ್ಬರು. ಮನೆಯಲ್ಲೇ ಎದುರು ಕೂರಿಸಿ ಓದಬೇಡಿ ಅಂತಲೂ ಹೇಳುತ್ತೇನೆ. ನಮ್ಮ ಯಜಮಾನರು ಪ್ರತಿ ಸಾಲಿಗೂ "ಇದು ನಾನಾ?" ಅಂತ ಕೇಳಿ ಕೇಳಿ ಒಂದು ವಾರ ಮಾತು ಬಿಟ್ಟಿದ್ದರು. ಈಗ ಅಂಗಡಿಗೆ ಕಟ್ಟು ತಲುಪಿಸುವವರೂ ಅವರೇ.

ಎಲ್ಲ ಸಾಮಾನಿನಲ್ಲಿ ಒಂದನ್ನು ಮಾತ್ರ ಇಬ್ಬರೂ ಕೊನೆಯವರೆಗೆ ಕೇಳುವುದೇ ಇಲ್ಲ. ಅದನ್ನು ಹೇಗೆ ಆರಿಸಿಕೊಂಡೆ, ಎಲ್ಲಿ ಬಚ್ಚಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮುಂದಿನ ಪುಸ್ತಕಕ್ಕೂ ಬೇಕು.

ಈ ಸಲದ ಲೆಕ್ಕ, ನೆನಪಿನಿಂದ: ಡಿಟಿಪಿ ನಾನೇ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರಿಂದ ಪುಟ ಕಟ್ಟುವುದಕ್ಕಷ್ಟೇ ಐದು ಸಾವಿರ. ಮುಖಪುಟಕ್ಕೆ ನಾಲ್ಕು ಸಾವಿರ. ಡೆಮಿ ಅಳತೆ (ಕಾದಂಬರಿಗಳ ಮಾಮೂಲಿ ಗಾತ್ರ), 70 ಜಿಎಸ್‌ಎಂ ತೂಕದ ಕಾಗದ, 500 ಪ್ರತಿಗೆ ಮುದ್ರಣ 45-46 ಸಾವಿರ. ಬೆಲೆ 230. ಅಂಗಡಿಯವರಿಗೆ ನೂರಕ್ಕೆ ಮೂವತ್ತೈದು, ಕೆಲವರಿಗೆ ನಲವತ್ತು ಬಿಟ್ಟೆ. ಅರ್ಧಕ್ಕಿಂತ ಜಾಸ್ತಿ ನಾನೇ ಅಂಚೆಯಲ್ಲಿ ಕಳಿಸಿದ್ದು. ಎಲ್ಲ ಕಳೆದು 30 ಸಾವಿರ ಚಿಲ್ಲರೆ ಉಳಿಯಿತು, ಹಳೇ 38 ಸಾವಿರ ಇನ್ನೂ ಪೂರ್ತಿ ತೀರಿಲ್ಲ, ಎರಡನೇ ಮುದ್ರಣ ತೀರಿಸುತ್ತದೆ.

ಕಣದಲ್ಲಿ ಓದುವವರಿಗೆ ಒಂದು ಮಾತು. ತೂಕ ಹಾಕುವ ಮೊದಲೇ ಓದಿ ಮುಗಿಸಿ. ತೂಕ ಆದ ಮೇಲೆ ಅವರಿಗೆ ಬಸ್ಸು ಹಿಡಿಯಬೇಕು, ಮನೆಯಲ್ಲಿ ಒಲೆ ಹೊತ್ತಿಸಬೇಕು. ಆಗ ನಿಲ್ಲಿಸಿಕೊಂಡು ಓದುವುದು ತಪ್ಪು. ಚಹಾ ಕೊಟ್ಟು ಓದಿ, ಆ ಅರ್ಧ ಗಂಟೆಯ ಕೂಲಿ ಹಿಡಿಯಬೇಡಿ.