ಭಾರದ ಸಾಣೆಚಕ್ರಕ್ಕೆ ಎಷ್ಟು ಎಚ್‌ಪಿ ಮೋಟಾರ್ ಬೇಕು?

ಮೆಕ್ಕೆಜೋಳದ ಕಟಾವು ಶುರುವಾಯಿತೆಂದರೆ ದಾವಣಗೆರೆ ಸುತ್ತಲಿನ ವರ್ಕ್‌ಶಾಪ್‌ಗಳಲ್ಲಿ ಸಾಣೆಯ ಸದ್ದು ನಿಲ್ಲುವುದಿಲ್ಲ. ಕುಡುಗೋಲು, ಕೊಡಲಿ, ಮೇವು ಕತ್ತರಿಸುವ ಯಂತ್ರದ ಬ್ಲೇಡು ಸಾಲುಗಟ್ಟುತ್ತವೆ. ಕೆಲಸ ಬೇಗ ಸಾಗಲೆಂದು ಒಮ್ಮೆ ನಾನು ಅರ್ಧ ಎಚ್‌ಪಿ ಗ್ರೈಂಡರ್‌ಗೆ 200 ಮಿ.ಮೀ. ಉಕ್ಕಿನ ಸಿಬಿಎನ್ ಚಕ್ರಗಳನ್ನು (ಬೋರಾನ್ ನೈಟ್ರೈಡ್ ಎಂಬ ಗಡಸು ಹರಳನ್ನು ಅಂಚಿಗೆ ಲೇಪಿಸಿದವು) ಏರಿಸಿದೆ. ಸ್ವಿಚ್ ಹಾಕಿದಾಗ ಮೋಟಾರ್ ಗುಂಯ್ ಎಂದು ಮುಲುಗಿತು, ದೀಪ ಮಂಕಾಯಿತು. ಚಕ್ರ ವೇಗ ಹಿಡಿದು ಅದರ ಮೇಲಿನ ಬರಹ ಅಳಿಸಿದಂತೆ ಕಾಣಲು ಎಷ್ಟೋ ಹೊತ್ತು ಬೇಕಾಯಿತು. ಮೂರನೆಯ ದಿನ ಮೋಟಾರಿನೊಳಗಿನ ತಂತಿ ಸುರುಳಿಯ, ಅಂದರೆ ವೈಂಡಿಂಗ್‌ನ, ವಾರ್ನಿಷ್ ಸುಟ್ಟ ವಾಸನೆ ಬಂತು.

ಆಗ ತಿಳಿದದ್ದು ಇಷ್ಟು: ಭಾರದ ಚಕ್ರ ಮೋಟಾರನ್ನು ಕೊಲ್ಲುವುದು ಓಡುವಾಗಲ್ಲ, ಹೊರಡುವಾಗ. ವೇಗ ಹಿಡಿದ ಮೇಲೆ ಅದರ ಭಾರವೇ ಓಟಕ್ಕೆ ಒತ್ತಾಸೆ.

ಮೊದಲು ಚಕ್ರವನ್ನು ತೂಗಿ, ಅಳೆಯಿರಿ. ಕಿರಾಣಿ ಅಂಗಡಿಯ ತಕ್ಕಡಿ ಸಾಕು. 200 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಸಾಣೆಕಲ್ಲು ಸಾಮಾನ್ಯವಾಗಿ ಎರಡು ಕೆ.ಜಿ.ಯೊಳಗೆ ತೂಗುತ್ತದೆ. ಅದೇ ಗಾತ್ರದ ಗಟ್ಟಿ ಉಕ್ಕಿನದಾದರೆ ಮೂರು ಪಟ್ಟಿಗೂ ಹೆಚ್ಚು. ತೂಕಕ್ಕಿಂತ ವ್ಯಾಸ ಇನ್ನೂ ಕಠಿಣ. ಒಂದೇ ದಪ್ಪದ ಕಲ್ಲು 150ರಿಂದ 200 ಮಿ.ಮೀ.ಗೆ ಬೆಳೆದರೆ ತೂಕ ಎರಡು ಪಟ್ಟೂ ಆಗುವುದಿಲ್ಲ, ತಿರುಗಿಸುವ ಹೊರೆ ಮಾತ್ರ ಮೂರು ಪಟ್ಟು ದಾಟುತ್ತದೆ.

ನಂತರ ಮೋಟಾರಿನ ಫಲಕ ಓದಿ. ಎಚ್‌ಪಿ ಜೊತೆಗೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು, ನೋಡುವುದನ್ನು ಮರೆಯಬೇಡಿ; ನನ್ನ ಮಟ್ಟಿಗೆ ಅದೇ ಮುಖ್ಯ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಗ್ರೈಂಡರ್‌ಗಳು ಸುಮಾರು 2850 ಅಥವಾ 1440 ಸುತ್ತು ತಿರುಗುತ್ತವೆ. ವೇಗ ಅರ್ಧವಾದರೆ ಚಕ್ರಕ್ಕೆ ತುಂಬಬೇಕಾದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ಎಚ್‌ಪಿಯ ನಿಧಾನದ ಮೋಟಾರಿಗೆ ತಿರುಚುಬಲವೂ ಇಮ್ಮಡಿ. ಅಲಗು ಬೇಗ ಕಾದು ಹದ ಕಳೆದುಕೊಳ್ಳುವುದೂ ತಪ್ಪುತ್ತದೆ. ಸಾಣೆಗೆಂದೇ ಕೊಳ್ಳುವವರು 1440ರದ್ದನ್ನೇ ಕೊಳ್ಳಿ.

150 ಮಿ.ಮೀ. ಕಲ್ಲಿಗೆ ಅರ್ಧ ಎಚ್‌ಪಿ ಧಾರಾಳ. 200 ಮಿ.ಮೀ. ಕಲ್ಲಿಗೆ ಮುಕ್ಕಾಲರಿಂದ ಒಂದು. 200 ಮಿ.ಮೀ. ಉಕ್ಕಿನ ಜೋಡಿಗೆ ಒಂದಕ್ಕಿಂತ ಕಡಿಮೆ ಬೇಡ.

2850 ಸುತ್ತಿನ ಗ್ರೈಂಡರ್ ಇದ್ದರೆ ಇನ್ನೊಂದು ಲೆಕ್ಕವಿದೆ. 200 ಮಿ.ಮೀ. ಕಲ್ಲಿನ ಅಂಚು ಆಗ ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ, 250 ಮಿ.ಮೀ.ನದು 37. ಸಾಮಾನ್ಯ ಸಾಣೆಕಲ್ಲುಗಳ ಮೇಲೆ ಅಚ್ಚಾಗಿರುವ ಮಿತಿ ಹೆಚ್ಚಾಗಿ 33ರಿಂದ 35ರ ಆಸುಪಾಸು. ಮಿತಿ ಮೀರಿದ ಕಲ್ಲು ಸಿಡಿಯಬಹುದು. ಚಕ್ರದ ಸುತ್ತಲಿನ ರಕ್ಷಾ ಕವಚದ (ಗಾರ್ಡ್) ಒಳಗೆ ಹಿಡಿಸುತ್ತದೆಯಲ್ಲ ಎಂದು ದೊಡ್ಡದನ್ನು ತೂರಿಸಲೇಬೇಡಿ.

ವೋಲ್ಟೇಜ್ ಅಳೆಯಿರಿ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ಕಡೆ 230 ಇರಬೇಕಾದದ್ದು 180ಕ್ಕೆ ಇಳಿದರೆ, ಹೊರಡುವ ಬಲ ನೂರಕ್ಕೆ ಸುಮಾರು ಅರುವತ್ತು ಪಾಲಷ್ಟೇ ಉಳಿಯುತ್ತದೆ. ಉದ್ದನೆಯ ಸಣ್ಣ ವೈರು ಇದ್ದದ್ದನ್ನೂ ತಿನ್ನುತ್ತದೆ, 2.5 ಚ.ಮಿ.ಮೀ. ತಾಮ್ರದ ವೈರು ಎಳೆಸಿ. ತ್ರೀ ಫೇಸ್ ಸಂಪರ್ಕವಿದ್ದರೆ ಆ ಮೋಟಾರೇ ಉತ್ತಮ: ಹೊರಡಲು ನೆರವಾಗುವ ಕೆಪಾಸಿಟರ್‌ನ ಗೊಡವೆಯಿಲ್ಲ, ಹೊರಡುವ ಬಲವೂ ಚೆನ್ನಾಗಿರುತ್ತದೆ. ಫೇಸ್ ಅದಲುಬದಲಾದರೆ ಮಾತ್ರ ಚಕ್ರ ಹಿಂದಕ್ಕೆ ತಿರುಗಿ ನಟ್ ಸಡಿಲವಾಗುತ್ತದೆ. ಚಕ್ರ ಜೋಡಿಸುವ ಮೊದಲೇ ದಿಕ್ಕು ನೋಡಿಕೊಳ್ಳಿ.

ಕಲ್ಲನ್ನು ಏರಿಸುವ ಮುನ್ನ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ತಟ್ಟಿ. ಠಣ್ ಎಂದರೆ ಸರಿ, ಬಿರುಕು ಬಿಟ್ಟದ್ದು ಬೊದ್ದೆಂದು ನುಡಿಯುತ್ತದೆ. ಅದನ್ನು ಒಡೆದು ಎಸೆಯಿರಿ. ಶಾಫ್ಟ್‌ಗೂ ರಂಧ್ರಕ್ಕೂ ಅಂತರವಿದ್ದರೆ ಸರಿಯಾದ ಬುಷ್ (ಅಂತರ ತುಂಬುವ ಬಳೆ) ಹಾಕಿಸಿ, ತಗಡು ಸುತ್ತಿ ಬಿಗಿಯಬೇಡಿ. ಅಲಗನ್ನು ಊರಿ ಹಿಡಿಯುವ ಆಸರೆ ಪಟ್ಟಿಗೂ ಚಕ್ರಕ್ಕೂ ನಡುವಿನ ಅಂತರ 3 ಮಿ.ಮೀ. ಮೀರಬಾರದು.

ಈಗ ಕನ್ನಡಕ ಧರಿಸಿ, ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಸ್ವಿಚ್ ಹಾಕಿ ಎಣಿಸಿ. ಐದು ಸೆಕೆಂಡಿನೊಳಗೆ ಪೂರ್ಣ ವೇಗ ಬಂದರೆ ಜೋಡಿ ಹೊಂದಿದೆ. ಹತ್ತಾದರೂ ಏದುಸಿರು ಬಿಡುತ್ತಿದ್ದರೆ ಆರಿಸಿ, ಹಗುರ ಚಕ್ರ ಹಾಕಿ ಅಥವಾ ಮೋಟಾರ್ ಬದಲಿಸಿ. ಹೊಂದಿದ ಜೋಡಿಯನ್ನೂ ಗಳಿಗೆಗೊಮ್ಮೆ ಆರಿಸಿ ಹೊತ್ತಿಸಬೇಡಿ. ಪ್ರತಿ ಸಲ ಹೊರಡುವಾಗಲೂ ವೈಂಡಿಂಗ್ ಬಿಸಿಯಾಗುತ್ತದೆ. ಹತ್ತು ಕುಡುಗೋಲು ಕೂಡಿಸಿಟ್ಟುಕೊಂಡು ಒಂದೇ ಓಟದಲ್ಲಿ ಸಾಣೆ ಹಿಡಿಯಿರಿ. ಆರಿಸಿದ ಮೇಲೆ ಭಾರದ ಚಕ್ರ ಬಹಳ ಹೊತ್ತು ತಿರುಗುತ್ತದೆ. ಕಟ್ಟಿಗೆ ಒತ್ತಿ ನಿಲ್ಲಿಸದೆ, ತಾನಾಗಿ ನಿಲ್ಲುವವರೆಗೆ ಕಾಯಿರಿ.